ಬಲಮುರಿ ಕಬ್ಬಿಣ, ಎಡಮುರಿ ಕಬ್ಬಿಣ

ಇ. ಕೋಲಿ ಬ್ಯಾಕ್ಟೀರಿಯಾ ಕಬ್ಬಿಣವಿಲ್ಲದೆ ಬೆಳೆಯಲಾರದು. ಕಬ್ಬಿಣವೇನೋ ಎಲ್ಲೆಡೆ ಇದೆ, ಆದರೆ ಸುಲಭಕ್ಕೆ ದಕ್ಕುವುದಿಲ್ಲ. ಗಾಳಿ ಸೋಕಿದರೆ ತುಕ್ಕಾಗಿ ಕೂರುತ್ತದೆ. ಆಮ್ಲವೂ ಕ್ಷಾರವೂ ಅಲ್ಲದ ನೀರಿನಲ್ಲಿ ಆ ತುಕ್ಕು ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಪ್ರಾಣಿಯ ದೇಹ ಹೊಕ್ಕರೆ ಅಲ್ಲಿಯ ಕಬ್ಬಿಣವನ್ನು ಟ್ರಾನ್ಸ್‌ಫೆರಿನ್‌ನಂಥ ಪ್ರೋಟೀನುಗಳು ಮೊದಲೇ ಹಿಡಿದಿಟ್ಟುಕೊಂಡಿರುತ್ತವೆ. ಹಾಗಾಗಿ ಈ ಸೂಕ್ಷ್ಮಜೀವಿ ತಾನೇ ಒಂದು ಅಣುವನ್ನು ತಯಾರಿಸಿ ಹೊರಗೆ ಬಿಡುತ್ತದೆ. ಅದು ಕಬ್ಬಿಣವನ್ನು ಹಿಡಿದು ತರಬೇಕು. 1970ರಲ್ಲಿ ಈ ಅಣುವನ್ನು ಎರಡು ತಂಡಗಳು ಪ್ರತ್ಯೇಕವಾಗಿ ಪತ್ತೆಹಚ್ಚಿದವು: ಅಮೆರಿಕದ ಬರ್ಕ್‌ಲಿಯಲ್ಲಿ ಪೊಲಾಕ್ ಮತ್ತು ನೀಲ್ಯಾಂಡ್ಸ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓಬ್ರಯನ್ ಮತ್ತು ಗಿಬ್ಸನ್. ಬರ್ಕ್‌ಲಿಯವರು ಅದಕ್ಕೆ ಎಂಟರೊಬ್ಯಾಕ್ಟಿನ್ ಎಂದು ಹೆಸರಿಟ್ಟರು.

ಕಬ್ಬಿಣವನ್ನು ಅದು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂಬುದನ್ನು ರಸಾಯನ ವಿಜ್ಞಾನಿಗಳು ಸಂಖ್ಯೆಯಲ್ಲಿ ಹೇಳುತ್ತಾರೆ. ಒಂದರ ಮುಂದೆ 49 ಸೊನ್ನೆ! ಅಣುವಿನ ನಡುವೆ ಸೆರಿನ್ ಎಂಬ ಅಮೈನೊ ಆಮ್ಲದ ಮೂರು ಘಟಕಗಳು ಸೇರಿ ಆದ ಬಳೆಯಾಕಾರದ ಚೌಕಟ್ಟಿದೆ. ಅದರಿಂದ ಮೂರು ತೋಳು ಇಳಿಬಿದ್ದಿವೆ. ಪ್ರತಿ ತೋಳಿನ ತುದಿಯಲ್ಲಿ ಕೆಟಿಕೋಲ್ ಎಂಬ ಗುಂಪು, ಪ್ರತಿ ಕೆಟಿಕೋಲ್‌ನಲ್ಲಿ ಎರಡು ಆಮ್ಲಜನಕ. ಹೀಗೆ ಆರು ಆಮ್ಲಜನಕಗಳು ಆರು ದಿಕ್ಕಿನಿಂದ ಕಬ್ಬಿಣದ ಅಯಾನನ್ನು ಸುತ್ತುವರಿಯುತ್ತವೆ. ದ್ರಾವಣ ಗಾಢ ಕೆಂಪಿಗೆ ತಿರುಗುತ್ತದೆ.

ಈ ಮೂರು ತೋಳುಗಳು ಲೋಹವನ್ನು ನೆಟ್ಟಗೆ ಬಂದು ಹಿಡಿಯಲಾರವು. ಆರು ಆಮ್ಲಜನಕಗಳು ಅಷ್ಟಮುಖಿಯ ಆರು ಮೂಲೆಗಳಲ್ಲಿ ಕೂರಬೇಕಾದರೆ ಮೂರೂ ಒಂದೇ ಕಡೆಗೆ ಓರೆಯಾಗಬೇಕು. ಆ ಓರೆ ಎರಡು ಬಗೆಯಲ್ಲಿ ಸಾಧ್ಯ. ಮಾಮೂಲಿ ಸ್ಕ್ರೂವಿನ ಮರೆಯಂತೆ ತಿರುಚಿದರೆ ಅದನ್ನು ಬಲಮುರಿ ಎನ್ನೋಣ. ರಸಾಯನಶಾಸ್ತ್ರದಲ್ಲಿ ಅದಕ್ಕೆ ಡೆಲ್ಟಾ ಎಂದು ಹೆಸರು. ಅದರ ಕನ್ನಡಿ ಪ್ರತಿಬಿಂಬ ಎಡಮುರಿ, ಅಂದರೆ ಲ್ಯಾಂಬ್ಡಾ. ಒಂದನ್ನು ಎಷ್ಟು ತಿರುಗಿಸಿ ನೋಡಿದರೂ ಇನ್ನೊಂದರ ಮೇಲೆ ಕೂರದು. ಎಂಟರೊಬ್ಯಾಕ್ಟಿನ್ ಹಿಡಿದ ಕಬ್ಬಿಣ ಬಲಮುರಿಯಾಗಿಯೇ ಇರುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಬರ್ಕ್‌ಲಿಯ ಕೆನೆತ್ ರೇಮಂಡ್ ತಂಡ 1976ರಲ್ಲಿ ಕಬ್ಬಿಣದ ಜಾಗದಲ್ಲಿ ಕ್ರೋಮಿಯಂ ಕೂರಿಸಿ ನೋಡಿತು. ಕಬ್ಬಿಣದ ಬಂಧಗಳು ಬಿಡಿಸಿಕೊಳ್ಳುತ್ತ, ಕೂಡಿಕೊಳ್ಳುತ್ತ ಇರುತ್ತವೆ. ಕ್ರೋಮಿಯಂ ಒಮ್ಮೆ ಕೂತರೆ ಅಲುಗುವುದು ಬಹಳ ನಿಧಾನ. ಅಲ್ಲೂ ಕಂಡದ್ದು ಬಲಮುರಿಯೇ.

ಹಾಗಾದರೆ ದಿಕ್ಕನ್ನು ತೀರ್ಮಾನಿಸಿದವರು ಯಾರು? ಕಬ್ಬಿಣವಂತೂ ಅಲ್ಲ. ಮೂರು ಬಿಡಿ ಕೆಟಿಕೋಲ್ ಅಣುಗಳನ್ನು ಕಬ್ಬಿಣಕ್ಕೆ ಕೊಟ್ಟರೆ ಬಲಮುರಿ ಅರ್ಧ, ಎಡಮುರಿ ಅರ್ಧ ಸಿಗುತ್ತದೆ. ತೀರ್ಪು ಬಂದದ್ದು ಲೋಹದಿಂದ ಹಲವು ಪರಮಾಣುಗಳಾಚೆ ಇರುವ ಸೆರಿನ್‌ನ ಒಂದು ಕಾರ್ಬನ್‌ನಿಂದ. ಆ ಕಾರ್ಬನ್‌ಗೆ ನಾಲ್ಕು ಬೇರೆಬೇರೆ ಗುಂಪುಗಳು ಅಂಟಿಕೊಂಡಿವೆ, ಆದ್ದರಿಂದ ಅದಕ್ಕೂ ಎಡ–ಬಲದ ಭೇದ ಉಂಟು. ಇಂಥ ಅಣುವನ್ನು ಕೈರಲ್ ಎನ್ನುತ್ತಾರೆ. ಲೋಹವನ್ನು ಹಿಡಿಯುವ ಅಣು ಲಿಗ್ಯಾಂಡ್, ಎರಡೂ ಸೇರಿದರೆ ಲೋಹಸಂಕೀರ್ಣ. ಕೈರಲ್ ಲಿಗ್ಯಾಂಡಿನ ಒಂದು ಮೂಲೆಯಲ್ಲಿರುವ ಎಡ–ಬಲ ಇಡೀ ಲೋಹಸಂಕೀರ್ಣದ ಸುರುಳಿಗೆ ತಲುಪುವ ಬಗೆ ರಸಾಯನಶಾಸ್ತ್ರದ ಅತ್ಯಂತ ಸೊಗಸಾದ ಸಂಗತಿಗಳಲ್ಲೊಂದು ಎಂದೇ ನನ್ನ ನಂಬಿಕೆ. ಅದನ್ನು ಅರ್ಥ ಮಾಡಿಕೊಳ್ಳಲು ಕಷ್ಟದ ಗಣಿತ ಬೇಕಿಲ್ಲ, ಆಕಾರದ ಕಡೆಗೆ ಗಮನ ಇದ್ದರೆ ಸಾಕು.

ಲೋಹಕ್ಕೂ ಎಡ–ಬಲ ಇರಬಹುದೆಂದು ಒಂದು ಕಾಲದಲ್ಲಿ ಯಾರೂ ನಂಬುತ್ತಿರಲಿಲ್ಲ. ಜ್ಯೂರಿಕ್‌ನಲ್ಲಿದ್ದ ಆಲ್ಫ್ರೆಡ್ ವರ್ನರ್ 1893ರಲ್ಲಿ, ಕೋಬಾಲ್ಟ್‌ನಂಥ ಲೋಹದ ಸುತ್ತ ಆರು ಗುಂಪುಗಳು ಅಷ್ಟಮುಖಿಯ ಮೂಲೆಗಳಲ್ಲಿ ಕೂರುತ್ತವೆ ಎಂದು ವಾದಿಸಿದರು. ಅದು ನಿಜವಾದರೆ ಕೆಲವು ಸಂಯುಕ್ತಗಳು ಕನ್ನಡಿಯ ಜೋಡಿಗಳಾಗಿ ಇರಲೇಬೇಕು. 1911ರಲ್ಲಿ ಅಮೆರಿಕದಿಂದ ಬಂದಿದ್ದ ವಿದ್ಯಾರ್ಥಿ ವಿಕ್ಟರ್ ಕಿಂಗ್ ಜೊತೆ ಸೇರಿ ಅಂಥ ಜೋಡಿಯನ್ನು ಬೇರ್ಪಡಿಸಿ ತೋರಿಸಿದರು. 1913ರಲ್ಲಿ ನೊಬೆಲ್ ಬಂತು. ಆಗಲೂ ತಕರಾರು ನಿಂತಿರಲಿಲ್ಲ: ಲಿಗ್ಯಾಂಡಿನಲ್ಲಿ ಕಾರ್ಬನ್ ಇದೆಯಲ್ಲ, ಎಡ–ಬಲ ಅದರಿಂದಲೇ ಬಂದಿರಬೇಕು ಎಂದರು ಕೆಲವರು. 1914ರಲ್ಲಿ ವರ್ನರ್ ಕಾರ್ಬನ್ನಿನ ಒಂದು ಪರಮಾಣುವೂ ಇಲ್ಲದ ಕೋಬಾಲ್ಟ್ ಸಂಯುಕ್ತವನ್ನೇ ಎಡ, ಬಲವೆಂದು ಬೇರ್ಪಡಿಸಿದರು. ವಾದ ಅಲ್ಲಿಗೆ ಮುಗಿಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ವರ್ನರ್ ಮಾಡಿದ್ದು ವಿಂಗಡಣೆ. ಎಡ, ಬಲ ಎರಡೂ ಸಮನಾಗಿ ಬೆರೆತಿದ್ದ ಮಿಶ್ರಣಕ್ಕೆ ಕರ್ಪೂರದಿಂದ ತಯಾರಿಸಿದ ಒಂದು ಕೈರಲ್ ಆಮ್ಲದ ಲವಣ ಬೆರೆಸಿ, ಮೊದಲು ಹರಳುಗಟ್ಟಿದ್ದನ್ನು ಸೋಸಿ ತೆಗೆದರು. ಅರ್ಧ ಸರಕು ಹೇಗಿದ್ದರೂ ಬೇಡವಾದ ದಿಕ್ಕಿನದು. ಎಂಟರೊಬ್ಯಾಕ್ಟಿನ್ ಮಾಡುವುದು ಬೇರೆಯೇ ಕೆಲಸ: ತಯಾರಾಗುವಾಗಲೇ ಒಂದೇ ದಿಕ್ಕಿನಲ್ಲಿ ತಯಾರಾಗುವಂತೆ ನೋಡಿಕೊಳ್ಳುತ್ತದೆ.

ಕೈರಲ್ ಲಿಗ್ಯಾಂಡೊಂದು ಹೀಗೆ ಲೋಹದ ದಿಕ್ಕನ್ನು ನಿಗದಿ ಮಾಡುವುದು ಹೇಗೆ ಸಾಧ್ಯವೆಂಬುದನ್ನು ಮೊದಲು ಬಿಡಿಸಿ ಹೇಳಿದವರು ಇ.ಜೆ. ಕೋರಿ ಮತ್ತು ಜಾನ್ ಬೈಲರ್. 1959ರಲ್ಲಿ ಪ್ರಕಟವಾದ ಅವರ ವಿಶ್ಲೇಷಣೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಯಾಕೆಂದರೆ ಆಮೇಲಿನ ಎಲ್ಲ ಕಥೆಗೂ ಬುನಾದಿ ಅದೇ.

ಕೋಬಾಲ್ಟ್‌ನ ಸುತ್ತ ಮೂರು ಎಥಿಲೀನ್‌ಡೈಅಮೀನ್ ಅಣುಗಳಿವೆ ಎನ್ನಿ. ಪ್ರತಿ ಅಣುವೂ ತನ್ನ ಎರಡು ನೈಟ್ರೋಜನ್‌ಗಳಿಂದ ಲೋಹವನ್ನು ಹಿಡಿದಿದೆ. ಆಗ ಒಂದು ಕೋಬಾಲ್ಟ್, ಎರಡು ನೈಟ್ರೋಜನ್, ಎರಡು ಕಾರ್ಬನ್ ಸೇರಿ ಐದು ಮೂಲೆಯ ಉಂಗುರವಾಗುತ್ತದೆ. ಈ ಉಂಗುರ ಸಮತಟ್ಟಾಗಿ ಕೂರುವುದಿಲ್ಲ. ಒಂದು ಕಾರ್ಬನ್ ಮೇಲಕ್ಕೂ ಇನ್ನೊಂದು ಕೆಳಕ್ಕೂ ಸರಿದು ಸೊಟ್ಟಗಾಗುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದರ ಮೇಲೆ ಎರಡು ಬಗೆಯ ಸೊಟ್ಟು. ಬರೀ ಎಥಿಲೀನ್‌ಡೈಅಮೀನ್ ಆದರೆ ಉಂಗುರ ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಹೊರಳುತ್ತಲೇ ಇರುತ್ತದೆ.

ಈಗ ಒಂದು ಕಾರ್ಬನ್‌ನ ಮೇಲಿರುವ ಹೈಡ್ರೋಜನ್ ತೆಗೆದು ಅಲ್ಲಿ ಮೀಥೈಲ್ ಗುಂಪು ಇಡೋಣ. ಲಿಗ್ಯಾಂಡ್ ಪ್ರೊಪಿಲೀನ್‌ಡೈಅಮೀನ್ ಆಯಿತು, ಕೈರಲ್ ಕೂಡ ಆಯಿತು. ಮೀಥೈಲ್ ಗಾತ್ರದಲ್ಲಿ ದೊಡ್ಡದು. ಉಂಗುರದ ಮೇಲೆ ನೆಟ್ಟಗೆ ನಿಂತರೆ ಪಕ್ಕದ ಪರಮಾಣುಗಳಿಗೆ ಒತ್ತುತ್ತದೆ. ಹೊರಕ್ಕೆ ಚಾಚಿ ಮಲಗಿದರೆ ಯಾರಿಗೂ ತೊಂದರೆಯಿಲ್ಲ. ಆದ್ದರಿಂದ ಅದು ಹೊರಕ್ಕೇ ಚಾಚಿಕೊಳ್ಳುತ್ತದೆ. ಆ ಕಾರ್ಬನ್‌ನ ಎಡ–ಬಲ ಮೊದಲೇ ನಿಗದಿಯಾಗಿರುವುದರಿಂದ, ಮೀಥೈಲ್ ಹೊರಕ್ಕೆ ಚಾಚಬೇಕಾದರೆ ಉಂಗುರ ಒಂದೇ ಬಗೆಯಲ್ಲಿ ಸೊಟ್ಟಗಾಗಬೇಕು. ಇನ್ನು ಹೊರಳಾಟವಿಲ್ಲ. ಮೂರು ಉಂಗುರಗಳೂ ಹೀಗೆ ನಿಂತ ಮೇಲೆ ಲೋಹದ ಸರದಿ. ಲೋಹ ಒಂದು ಕಡೆ ತಿರುಚಿದರೆ ಮೂರೂ ಉಂಗುರಗಳ ಕಾರ್ಬನ್–ಕಾರ್ಬನ್ ಬಂಧಗಳು ಸಂಕೀರ್ಣದ ನಡು ಅಕ್ಷಕ್ಕೆ ಸಮಾನಾಂತರವಾಗುತ್ತವೆ, ಒಂದು ಉಂಗುರದ ಹೈಡ್ರೋಜನ್‌ಗಳು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಇನ್ನೊಂದು ಕಡೆ ತಿರುಚಿದರೆ ಅವೇ ಬಂಧಗಳು ಓರೆಯಾಗಿ ಇಕ್ಕಟ್ಟು ಹೆಚ್ಚುತ್ತದೆ. ಪ್ರೊಪಿಲೀನ್‌ಡೈಅಮೀನ್‌ನ ‘ಆರ್’ ಎಂಬ ರೂಪಕ್ಕೆ ಬಲಮುರಿ ಹಿತ, ಅದರ ಕನ್ನಡಿ ರೂಪವಾದ ‘ಎಸ್’ಗೆ ಎಡಮುರಿ ಹಿತ. ಕಾರ್ಬನ್ ಮೀಥೈಲ್‌ಗೆ, ಮೀಥೈಲ್ ಉಂಗುರಕ್ಕೆ, ಉಂಗುರ ಲೋಹಕ್ಕೆ ಹೇಳುತ್ತದೆ. ಸುದ್ದಿ ಕೈಯಿಂದ ಕೈಗೆ ಸಾಗುವುದು ಹೀಗೆ, ಬರೀ ಜಾಗದ ಇಕ್ಕಟ್ಟಿನ ಮೂಲಕ.

ಇದರ ಹಿಂದಿರುವ ತರ್ಕ ಬಹಳ ಸರಳ. ಲಿಗ್ಯಾಂಡ್ ಕೈರಲ್ ಅಲ್ಲದಿದ್ದಾಗ ಬಲಮುರಿ, ಎಡಮುರಿ ಎರಡೂ ಒಂದಕ್ಕೊಂದು ಕನ್ನಡಿ ಪ್ರತಿಬಿಂಬ. ಕನ್ನಡಿ ಜೋಡಿಗಳ ಶಕ್ತಿ ಸಮ, ಹಾಗಾಗಿ ಅರ್ಧಕ್ಕರ್ಧ. ಲಿಗ್ಯಾಂಡ್ ಕೈರಲ್ ಆದರೆ ಲೋಹ ತಿರುಗಿದಾಗ ಲಿಗ್ಯಾಂಡ್ ತಿರುಗುವುದಿಲ್ಲ. ಎಂಟರೊಬ್ಯಾಕ್ಟಿನ್ನಿನಲ್ಲಿರುವುದು ಸೆರಿನ್ನಿನ ‘ಎಲ್’ ರೂಪ, ಅದರ ಕನ್ನಡಿ ರೂಪ ‘ಡಿ’. ‘ಎಲ್’ ಸೆರಿನ್ ಇರುವ ಬಲಮುರಿಯ ನಿಜವಾದ ಪ್ರತಿಬಿಂಬ ‘ಡಿ’ ಸೆರಿನ್ ಇರುವ ಎಡಮುರಿ. ‘ಎಲ್’ ಸೆರಿನ್ ಇರುವ ಎಡಮುರಿ ಬೇರೆಯದೇ ವಸ್ತು. ಬೇರೆ ವಸ್ತುವಾದ ಮೇಲೆ ಶಕ್ತಿಯೂ ಬೇರೆ. ಕೈರಲ್ ಲಿಗ್ಯಾಂಡ್ ಮಾಡುವುದಿಷ್ಟೇ: ಸಮವಾಗಿದ್ದ ಎರಡು ಸಾಧ್ಯತೆಗಳ ಸಮತೋಲ ಕೆಡಿಸುತ್ತದೆ.

ಎಷ್ಟು ಕೆಡಿಸಿದರೆ ಸಾಕು? ಲೆಕ್ಕ ಹಾಕಿ ನೋಡಿದರೆ ಸೋಜಿಗವೆನಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೋಲ್ ಒಂದಕ್ಕೆ 2 ಕಿಲೋಜೂಲ್ ವ್ಯತ್ಯಾಸವಿದ್ದರೆ ಎರಡು ರೂಪಗಳು 69ಕ್ಕೆ 31ರಂತೆ ಇರುತ್ತವೆ. ಇಷ್ಟೇ ಒಲವಿರುವ ಆರು ಜಾಗಗಳು ಒಂದಕ್ಕೊಂದು ಬೆಸೆದುಕೊಂಡು, ತಿರುಗಿದರೆ ಎಲ್ಲವೂ ಒಟ್ಟಿಗೆ ತಿರುಗಬೇಕು ಎಂದಾದರೆ ವ್ಯತ್ಯಾಸ 12 ಕಿಲೋಜೂಲ್ ಆಗುತ್ತದೆ. ಆಗ ನೂರಕ್ಕೆ 99ಕ್ಕಿಂತ ಹೆಚ್ಚು ಒಂದೇ ದಿಕ್ಕಿನವು. ಒಂದು ಕಾರ್ಬನ್–ಕಾರ್ಬನ್ ಬಂಧ ಮುರಿಯಲು ಸುಮಾರು 350 ಕಿಲೋಜೂಲ್ ಬೇಕೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ತೀರಾ ಚಿಕ್ಕ ಒಲವುಗಳು ಒಟ್ಟುಗೂಡಿ ಸಂದೇಹಕ್ಕೆ ಎಡೆಯಿಲ್ಲದ ತೀರ್ಪಾಗುತ್ತವೆ.

ಆದರೆ ಲೋಹಕ್ಕೆ ತಪ್ಪು ತಿದ್ದಿಕೊಳ್ಳುವ ಅವಕಾಶ ಇರಬೇಕು. ಕಬ್ಬಿಣ, ತಾಮ್ರ, ಸತುವಿನ ಹಲವು ಸಂಕೀರ್ಣಗಳಲ್ಲಿ ಬಂಧಗಳು ಬೇಗ ಬಿಚ್ಚಿಕೊಂಡು ಮತ್ತೆ ಕೂಡುತ್ತವೆ. ಮೊದಲು ತಪ್ಪು ದಿಕ್ಕಿನಲ್ಲಿ ಕೂತರೂ ಸ್ವಲ್ಪ ಹೊತ್ತಿನಲ್ಲಿ ಹಿತವಾದ ದಿಕ್ಕಿಗೆ ಬಂದು ನಿಲ್ಲುತ್ತವೆ. ಮೂರು ಧನವಿದ್ಯುದಂಶದ ಕೋಬಾಲ್ಟ್ ಹಾಗಲ್ಲ. ಅದು ಮೊದಲು ಎಲ್ಲಿ ಸಿಕ್ಕಿಬಿತ್ತೋ ಅಲ್ಲೇ ಉಳಿದುಬಿಡುತ್ತದೆ. ವರ್ನರ್‌ಗೆ ಈ ಜಡತ್ವವೇ ಅನುಕೂಲವಾಯಿತು. ಬೇರ್ಪಡಿಸಿದ ಎಡ, ಬಲಗಳು ಮತ್ತೆ ಬೆರೆಯದೆ ಉಳಿದದ್ದು ಅದರಿಂದಲೇ.

ಒಂದು ಲೋಹದ ಸುತ್ತ ಮೂಡುವ ತಿರುಚು ಹಲವು ಲೋಹಗಳ ಉದ್ದಕ್ಕೂ ಹಬ್ಬಿದರೆ ನಿಜವಾದ ಸುರುಳಿ ಸಿಗುತ್ತದೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಜ್ಯಾಂ-ಮರೀ ಲೆನ್ ಮತ್ತು ಸಂಗಡಿಗರು 1987ರಲ್ಲಿ ಇದನ್ನು ಮಾಡಿ ತೋರಿಸಿದರು. ಬೈಪಿರಿಡಿನ್ ಎಂಬ ಹಿಡಿಕೆಗಳನ್ನು ಸಾಲಾಗಿ ಪೋಣಿಸಿದ ಎರಡು ಎಳೆಗಳಿಗೆ ತಾಮ್ರದ ಅಯಾನುಗಳನ್ನು ಕೊಟ್ಟಾಗ ಎಳೆಗಳು ತಾವಾಗಿ ಒಂದನ್ನೊಂದು ಹೆಣೆದುಕೊಂಡು ಜೋಡಿ ಸುರುಳಿಯಾದವು. ಲೆನ್ ಅವನ್ನು ಹೆಲಿಕೇಟ್ ಎಂದು ಕರೆದರು. ಅದೇ ವರ್ಷ ಅವರಿಗೆ ನೊಬೆಲ್ ಬಂತು, ಬೇರೆ ಕೆಲಸಗಳಿಗಾಗಿ. ಆ ಮೊದಲ ಹೆಲಿಕೇಟ್‌ಗಳಲ್ಲಿ ಬಲಮುರಿ, ಎಡಮುರಿ ಎರಡೂ ಸಮವಾಗಿದ್ದವು, ಎಳೆಗಳು ಕೈರಲ್ ಆಗಿರಲಿಲ್ಲವಲ್ಲ! 1991ರಲ್ಲಿ ಅವರದೇ ತಂಡ ಎಳೆಯಲ್ಲಿ ಕೈರಲ್ ಕಾರ್ಬನ್‌ಗಳನ್ನು ಸೇರಿಸಿ, ಸುರುಳಿ ಒಂದೇ ದಿಕ್ಕಿಗೆ ಒಲಿಯುವುದನ್ನು ತೋರಿಸಿತು.

ಸ್ವಿಟ್ಜರ್ಲೆಂಡಿನ ಫ್ರೀಬೂರ್ಗ್‌ನಲ್ಲಿ ಅಲೆಕ್ಸ್ ಫಾನ್ ಝೆಲೆವ್ಸ್ಕಿ ಅವರದು ಇನ್ನೊಂದು ದಾರಿ. ಪೈನ್ ಮರದ ರಾಳದಲ್ಲಿ ಸಿಗುವ ಪೈನೀನ್ ಎಂಬ ಕೈರಲ್ ಅಣುವನ್ನು ಅವರು ಬೈಪಿರಿಡಿನ್‌ಗೆ ಬೆಸೆದರು. ಪೈನೀನ್‌ನ ಗಟ್ಟಿ ಪಂಜರ ಅಲುಗಾಡದು, ಆದ್ದರಿಂದ ಲೋಹಕ್ಕೆ ಅದು ಕೊಡುವ ಸೂಚನೆಯೂ ಗೊಂದಲವಿಲ್ಲದ್ದು. ಮರ ತನ್ನ ರಾಳದಲ್ಲಿ ಮಾಡಿಟ್ಟ ಎಡ–ಬಲವೇ ಇಲ್ಲಿ ಲೋಹದ ಸುರುಳಿಗೆ ದಿಕ್ಕಾಯಿತು.

ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಪೀಟರ್ ಸ್ಕಾಟ್ ತಂಡದ ಉಪಾಯ ಇನ್ನೂ ಅಚ್ಚುಕಟ್ಟು. ಸುಲಭವಾಗಿ ಕೊಳ್ಳಲು ಸಿಗುವ ಕೈರಲ್ ಅಮೀನ್, ಪಿರಿಡಿನ್ ಇರುವ ಆಲ್ಡಿಹೈಡ್ ಮತ್ತು ಕಬ್ಬಿಣದ ಲವಣ, ಮೂರನ್ನೂ ಒಂದೇ ಪಾತ್ರೆಯಲ್ಲಿ ಬೆರೆಸುತ್ತಾರೆ. ಲಿಗ್ಯಾಂಡ್ ಅಲ್ಲೇ ತಯಾರಾಗಿ ಲೋಹವನ್ನು ಸುತ್ತಿಕೊಳ್ಳುತ್ತದೆ. ಸರಿಯಾದ ದಿಕ್ಕಿನಲ್ಲಿ ಸುತ್ತಿಕೊಂಡರೆ ಪ್ರತಿ ಲಿಗ್ಯಾಂಡಿನ ಬೆಂಜೀನ್ ಉಂಗುರವೂ ಪಕ್ಕದ ಲಿಗ್ಯಾಂಡಿನ ಪಿರಿಡಿನ್ ಉಂಗುರದ ಮೇಲೆ ಮಟ್ಟಸವಾಗಿ ಕೂರುತ್ತದೆ. ಆ ಸಾಮೀಪ್ಯದಿಂದ ಮೂರು ಕಡೆ ಶಕ್ತಿ ಇಳಿಯುತ್ತದೆ. ತಪ್ಪು ದಿಕ್ಕಾದರೆ ಹಾಗೆ ಕೂರಲು ಆಗದು. ಇದೇ ತತ್ವದಲ್ಲಿ ಎರಡು ಕಬ್ಬಿಣಗಳಿರುವ ಸುರುಳಿಗಳನ್ನು ಕಟ್ಟಿ, ಅವು ನೀರಿನಲ್ಲೂ ಬಾಳುತ್ತವೆ, ಬ್ಯಾಕ್ಟೀರಿಯಾಗಳನ್ನೂ ತಡೆಯುತ್ತವೆ ಎಂದು 2012ರಲ್ಲಿ ವರದಿ ಮಾಡಿದರು. ಸುರುಳಿಯ ದಿಕ್ಕು ಜೀವಕೋಶದ ಅಣುಗಳಿಗೂ ಮುಖ್ಯ ಎನ್ನಲು ಅದಕ್ಕೂ ಮೊದಲೇ ಪುರಾವೆ ಇತ್ತು. ರಸಾಯನ ವಿಜ್ಞಾನಿ ಮೈಕ್ ಹ್ಯಾನನ್ ತಂಡ ಕಟ್ಟಿದ ಎರಡು ಕಬ್ಬಿಣದ ಸುರುಳಿಯಲ್ಲಿ ಎಡಮುರಿ ರೂಪ ಡಿಎನ್‌ಎಯ ದೊಡ್ಡ ಕಣಿವೆಗೆ ಹೊಂದಿಕೊಂಡರೆ, ಅದೇ ಅಣುವಿನ ಬಲಮುರಿ ರೂಪ ಬೇರೆ ಬಗೆಯಲ್ಲಿ ಅಂಟುತ್ತದೆಂದು 2002ರಲ್ಲಿ ಕಂಡುಬಂದಿತ್ತು.

ಇಷ್ಟು ಓದಿದವರಿಗೆ ಒಂದು ಸುಲಭ ಸೂತ್ರ ಹೊಳೆಯಬಹುದು: ಲಿಗ್ಯಾಂಡ್ ಯಾವ ಕೈಯದೋ ಸುರುಳಿಯೂ ಅದೇ ಕೈಯದು. ಈ ಸೂತ್ರ ತಪ್ಪು, ಮತ್ತು ಅದು ತಪ್ಪೆಂದು ಸೊಗಸಾಗಿ ತೋರಿಸುವುದು ಮತ್ತೊಂದು ಬ್ಯಾಕ್ಟೀರಿಯಾ. ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್ ಸಬ್ಟಿಲಿಸ್ ಕೂಡ ಕಬ್ಬಿಣಕ್ಕಾಗಿ ಎಂಟರೊಬ್ಯಾಕ್ಟಿನ್‌ನ ಸೋದರನಂಥ ಅಣುವನ್ನು ತಯಾರಿಸುತ್ತದೆ. ಹೆಸರು ಬ್ಯಾಸಿಲಿಬ್ಯಾಕ್ಟಿನ್. ಇಲ್ಲೂ ಮೂರು ಘಟಕಗಳ ಬಳೆ, ಮೂರು ತೋಳು, ಮೂರು ಕೆಟಿಕೋಲ್. ವ್ಯತ್ಯಾಸ ಎರಡೇ: ಸೆರಿನ್ ಬದಲು ತ್ರಿಯೋನಿನ್, ಮತ್ತು ಪ್ರತಿ ತೋಳಿನ ನಡುವೆ ಒಂದೊಂದು ಗ್ಲೈಸಿನ್ (ಇವೂ ಅಮೈನೊ ಆಮ್ಲಗಳೇ). ತ್ರಿಯೋನಿನ್ ಕೂಡ ‘ಎಲ್’ ರೂಪದ್ದೇ. ಗ್ಲೈಸಿನ್‌ಗೆ ಎಡ–ಬಲವೇ ಇಲ್ಲ. ಆದರೂ ಕಬ್ಬಿಣದ ಸುತ್ತ ಮೂಡುವ ತಿರುಚು ಎಡಮುರಿ! ರೇಮಂಡ್ ತಂಡ ಇದನ್ನು 2002ರಲ್ಲಿ ಪ್ರಕಟಿಸಿತು. ಎಂಟರೊಬ್ಯಾಕ್ಟಿನ್‌ನಲ್ಲಿ ತೋಳು ಗಿಡ್ಡ. ತೋಳಿನ ಅಮೈಡ್‌ನ ಹೈಡ್ರೋಜನ್ ಪಕ್ಕದ ಕೆಟಿಕೋಲ್ ಆಮ್ಲಜನಕಕ್ಕೆ ಹೈಡ್ರೋಜನ್ ಬಂಧದಿಂದ ಕಟ್ಟಿಕೊಂಡು ತುದಿಯ ಭಾಗ ಬಿರುಸಾಗಿರುತ್ತದೆ. ಬಳೆಯಿಂದ ಹೊರಟ ಕೋನವೇ ಬಹುಮಟ್ಟಿಗೆ ಲೋಹಕ್ಕೆ ತಲುಪುವ ಕೋನ. ನಡುವೆ ಗ್ಲೈಸಿನ್ ಬಂದರೆ ತೋಳು ಉದ್ದವಾಗಿ ಇನ್ನೊಂದು ಕಡೆಯಿಂದ ಬಳಸಿ ಬರಲು ದಾರಿಯಾಗುತ್ತದೆ. ಕೈರಲ್ ಅಲ್ಲದ ಒಂದು ಕೊಂಡಿ ಸುರುಳಿಯ ದಿಕ್ಕನ್ನೇ ತಿರುಗಿಸಿಬಿಟ್ಟಿತು. ಲಿಗ್ಯಾಂಡಿನ ಎಡ–ಬಲದಷ್ಟೇ ಮುಖ್ಯವಾದದ್ದು ಅದು ಲೋಹಕ್ಕೆ ತಲುಪುವ ದಾರಿ.

ದಾರಿಯ ಉದ್ದ ಎಷ್ಟು ನಿರ್ಣಾಯಕ ಎನ್ನಲು ಜರ್ಮನಿಯ ಮಾರ್ಕಸ್ ಆಲ್‌ಬ್ರೆಕ್ಟ್ ಕಂಡುಕೊಂಡ ಒಂದು ನಿಯಮವನ್ನೂ ಹೇಳಬೇಕು. ಎರಡು ಕೆಟಿಕೋಲ್‌ಗಳ ನಡುವೆ ಕಾರ್ಬನ್ ಸರಪಳಿ ಇಟ್ಟು ಎರಡು ಟೈಟಾನಿಯಂಗಳನ್ನು ಜೋಡಿಸಿದಾಗ, ಸರಪಳಿಯಲ್ಲಿ ಸಮಸಂಖ್ಯೆಯ ಕಾರ್ಬನ್‌ಗಳಿದ್ದರೆ ಎರಡೂ ಲೋಹಗಳು ಒಂದೇ ದಿಕ್ಕಿಗೆ ತಿರುಚಿ ಸುರುಳಿಯಾಗುತ್ತವೆ. ಬೆಸಸಂಖ್ಯೆಯಾದರೆ ಒಂದು ಬಲಮುರಿ, ಇನ್ನೊಂದು ಎಡಮುರಿ, ಸುರುಳಿಯೇ ಇಲ್ಲ.

ಇ. ಕೋಲಿಗೆ ಈ ದಿಕ್ಕಿನಿಂದ ಏನಾದರೂ ಆಗಬೇಕೆ? 1981ರಲ್ಲಿ ವಿಲಿಯಂ ರ‍್ಯಾಸ್ಟೆಟರ್ ಮತ್ತು ಸಂಗಡಿಗರು ‘ಡಿ’ ಸೆರಿನ್ ಬಳಸಿ ಎಂಟರೊಬ್ಯಾಕ್ಟಿನ್‌ನ ಕನ್ನಡಿ ಪ್ರತಿಬಿಂಬವನ್ನು ತಯಾರಿಸಿದರು. ಅದೂ ಕಬ್ಬಿಣವನ್ನು ಅಷ್ಟೇ ಬಿಗಿಯಾಗಿ ಹಿಡಿಯುತ್ತದೆ, ಎಡಮುರಿಯಾಗಿ. ಅದನ್ನು ಕೊಟ್ಟರೆ ಇ. ಕೋಲಿ ಬೆಳೆಯಲಿಲ್ಲ. ಜೀವಕೋಶದ ಹೊರಪೊರೆಯಲ್ಲಿರುವ ಫೆಪ್‌ಎ ಎಂಬ ಗ್ರಾಹಕ ಪ್ರೋಟೀನು ತಪ್ಪು ದಿಕ್ಕಿನದನ್ನು ಒಳಗೆ ಬಿಡುತ್ತಿಲ್ಲ ಎಂದು ನೀಲ್ಯಾಂಡ್ಸ್ ತಂಡ ತೀರ್ಮಾನಿಸಿತು. ಕೇಳಿದವರಿಗೆ ಒಪ್ಪುವಂಥ ವಿವರಣೆ. 1998ರಲ್ಲಿ ವಿಕಿರಣಶೀಲ ಕಬ್ಬಿಣ ಬಳಸಿ ಅಳೆದಾಗ ಅದು ಸುಳ್ಳಾಯಿತು. ಗ್ರಾಹಕಕ್ಕೆ ಎಡ–ಬಲದ ಗೊಡವೆಯೇ ಇರಲಿಲ್ಲ. ಆಯ್ಕೆ ನಡೆಯುವುದು ಒಳಗೆ ಹೋದ ಮೇಲೆ. ಅಷ್ಟು ಬಿಗಿ ಹಿಡಿತದಿಂದ ಕಬ್ಬಿಣವನ್ನು ಬಿಡಿಸಿಕೊಳ್ಳಲು ಬ್ಯಾಕ್ಟೀರಿಯಾ ಎಂಟರೊಬ್ಯಾಕ್ಟಿನ್‌ನ ಬಳೆಯನ್ನೇ ತುಂಡರಿಸಬೇಕು. ಫೆಸ್ ಎಂಬ ಕಿಣ್ವದ ಕೆಲಸ ಅದು. ಆ ಕಿಣ್ವ ‘ಎಲ್’ ಸೆರಿನ್‌ನ ಬಳೆಯನ್ನು ಮಾತ್ರ ಕತ್ತರಿಸುತ್ತದೆ ಎಂದು ರೇಮಂಡ್ ತಂಡ 2009ರಲ್ಲಿ ತೋರಿಸಿತು. ಎಡಮುರಿ ಕಬ್ಬಿಣ ಒಳಗೆ ಬಂದರೂ ಬಿಡುಗಡೆಯಾಗದೆ ಉಳಿಯುತ್ತದೆ. ಎರಡೂವರೆ ದಶಕಕ್ಕೂ ಹೆಚ್ಚು ಕಾಲ ಹಿಡಿದ ಈ ವಿಚಾರಣೆ ನನಗೆ ಬಹಳ ಇಷ್ಟ. ಒಪ್ಪುವಂತಿದ್ದ ಉತ್ತರಕ್ಕೆ ನಿಲ್ಲದೆ ಮತ್ತೆ ಅಳೆದು ನೋಡಿದವರಿಂದ ಸರಿಯಾದ ಜಾಗ ಗೊತ್ತಾಯಿತು.

ಕಣ್ಣಿಗೆ ಕಾಣದ ತಿರುಚು ಎಡವೋ ಬಲವೋ ಎಂದು ಹೇಳುವುದೇ ಒಂದು ಕಾಲದಲ್ಲಿ ಅಸಾಧ್ಯವಾಗಿತ್ತು. ಎರಡು ರೂಪಗಳು ಬೆಳಕನ್ನು ವಿರುದ್ಧ ದಿಕ್ಕುಗಳಿಗೆ ತಿರುಗಿಸುತ್ತವೆಂದು ಗೊತ್ತಿತ್ತು, ಯಾವುದು ಯಾವುದೆಂದು ಗೊತ್ತಿರಲಿಲ್ಲ. 1951ರಲ್ಲಿ ಹಾಲೆಂಡಿನ ಬೈಫೂಟ್ ಎಕ್ಸ್‌-ರೇಯ ಅನಾಮಲಸ್ ಸ್ಕ್ಯಾಟರಿಂಗ್ ಎಂಬ ಸೂಕ್ಷ್ಮ ಪರಿಣಾಮ ಬಳಸಿ ಟಾರ್ಟರಿಕ್ ಆಮ್ಲದ ಲವಣವೊಂದರಲ್ಲಿ ಇದನ್ನು ಬಗೆಹರಿಸಿದರು. 1955ರಲ್ಲಿ ಜಪಾನಿನ ಸೈಟೊ ಅದೇ ವಿಧಾನದಿಂದ ಮೂರು ಎಥಿಲೀನ್‌ಡೈಅಮೀನ್ ಇರುವ ಕೋಬಾಲ್ಟ್ ಸಂಕೀರ್ಣದ ದಿಕ್ಕನ್ನು ನಿಗದಿ ಮಾಡಿದರು. ಲೋಹಸಂಕೀರ್ಣಗಳಲ್ಲಿ ಅದೇ ಮೊದಲು. ಇದೇ ಅನಾಮಲಸ್ ಸ್ಕ್ಯಾಟರಿಂಗ್ ವಿಷಯದಲ್ಲಿ ದೊಡ್ಡ ಕೆಲಸ ಮಾಡಿದವರು ಎಸ್. ರಾಮಶೇಷನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರೆಂದು ನಮ್ಮಲ್ಲಿ ಹಲವರಿಗೆ ಅವರ ಹೆಸರು ಪರಿಚಿತ, ಈ ಕೆಲಸ ಅಷ್ಟಾಗಿ ಪರಿಚಿತವಲ್ಲ.

ಸೈಟೊ ಅಳೆದ ಆ ಕೋಬಾಲ್ಟ್ ಸಂಕೀರ್ಣ ನಮ್ಮ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಕೋಆರ್ಡಿನೇಷನ್ ಸಂಯುಕ್ತಗಳ ಪಾಠದಲ್ಲಿ ಇದೆ. ನಡುವೆ ಒಂದು ಕನ್ನಡಿ ಗೆರೆ, ಎರಡು ಬದಿಗೆ ಎರಡು ಚಿತ್ರ. ಮಕ್ಕಳು ಅದನ್ನು ನೋಡಿ ಬರೆದು ಅಂಕ ಪಡೆಯುತ್ತಾರೆ. ಆ ಎರಡು ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲವೆಂದು ಕೈಯಾರೆ ನೋಡಿದವರು ಕಡಿಮೆ. ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ. ಒಂದು ಥರ್ಮಾಕೋಲ್ ಉಂಡೆಗೆ ಅಷ್ಟಮುಖಿಯ ಆರು ಜಾಗಗಳಲ್ಲಿ ಕಡ್ಡಿ ಚುಚ್ಚಿ, ಪಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ತಂತ್ರಿಯಿಂದ ಜೋಡಿಸಿ ಬಲಮುರಿ ಮಾಡಿ, ಇನ್ನೊಂದು ಉಂಡೆಯಲ್ಲಿ ಅದರ ಎಡಮುರಿ ಮಾಡಿ, ಎರಡನ್ನೂ ಮಕ್ಕಳ ಕೈಗೆ ಕೊಡಿ. ಕಾಲು ಗಂಟೆಯ ಕೆಲಸ. ಆಮೇಲೆ ತಂತ್ರಿಯ ಒಂದು ಬದಿಗೆ ಮಣಿಯೊಂದನ್ನು ಪೋಣಿಸಿ ಅದು ಎಲ್ಲಿ ಒತ್ತುತ್ತದೆ, ಎಲ್ಲಿ ಒತ್ತುವುದಿಲ್ಲ ಎಂದು ಅವರನ್ನೇ ಕೇಳಿ.